ಪೂರ್ವಪಕ್ಷದ ಮರ್ಯಾದೆ



ವೇದಾಂತದ ಮುಖ್ಯ ಮತಗಳ ವಿಷಯವಾಗಿ ಮಾತಾಡಬೇಕೆಂದು ನನಗೆ ಅಪ್ಪಣೆಯಾಗಿದೆ. ಈ ವಿಷಯದ ಭಾಷಣಗಳು ಹೇಗೆ ಮುಗಿಯುತ್ತವೆ ಎಂಬುದು ನಿಮಗೂ ಗೊತ್ತು. ಶಂಕರರು, ರಾಮಾನುಜರು, ಮಧ್ವರು ಹೇಳಿದ್ದೆಲ್ಲ ಒಂದೇ, ದಾರಿ ಮಾತ್ರ ಬೇರೆ ಎನ್ನುತ್ತೇವೆ, ಚಪ್ಪಾಳೆ ಬೀಳುತ್ತದೆ, ಎಲ್ಲರೂ ಊಟಕ್ಕೆ ಏಳುತ್ತಾರೆ. ಆ ಮಾತನ್ನು ನಾನು ಮೊದಲೇ ಬದಿಗಿಡುತ್ತೇನೆ. ಮೂವರೂ ಹೇಳಿದ್ದು ಒಂದೇ ಅಲ್ಲ. ಒಂದೇ ಎಂದು ಅವರೆದುರು ನಿಂತು ಹೇಳಿದ್ದರೆ ಮೂವರೂ ಎದ್ದು ನಿಂತು ಆಕ್ಷೇಪಿಸುತ್ತಿದ್ದರು. ಬಹುಶಃ ಅವರು ಒಮ್ಮತಕ್ಕೆ ಬರುತ್ತಿದ್ದ ವಿಷಯ ಅದೊಂದೇ. ಒಂದು ಸಾವಿರ ವರ್ಷ ಇಷ್ಟೊಂದು ಜನ ಬುದ್ಧಿವಂತರು ಕಣ್ಣಿಗೆ ಎಣ್ಣೆ ಬಿಟ್ಟುಕೊಂಡು ಬರೆದದ್ದು, ವಾದಿಸಿದ್ದು ಏನೂ ಇಲ್ಲದ್ದಕ್ಕಾಗಿ ಎಂದು ಹೇಳುವುದು ಸೌಜನ್ಯದಂತೆ ಕಾಣುವ ಸೋಮಾರಿತನ. ಅವರ ಜಗಳ ನಿಜವಾದ ಜಗಳ. ಆದರೆ ಆ ಜಗಳಕ್ಕೆ ಒಂದು ಮರ್ಯಾದೆಯಿತ್ತು. ಅದನ್ನು ತೋರಿಸುವುದೇ ಇವತ್ತಿನ ನನ್ನ ಕೆಲಸ.

ಈ ಮಾತಿಗೆ ಕಡಬಕ್ಕಿಂತ ಒಳ್ಳೆಯ ಜಾಗ ಸಿಗುವುದು ಕಷ್ಟ. ಕಡಬ ಎಂದರೆ ಈಗ ಹೊರಗಿನವರು ದಕ್ಷಿಣ ಕನ್ನಡದ ಕಡಬವೇ ಎಂದು ಕೇಳುತ್ತಾರೆ. ಅದು ಈಚೆಗೆ ತಾಲ್ಲೂಕಾಗಿ ಹೆಸರು ಮಾಡಿದೆ. ನಮ್ಮದು ಗುಬ್ಬಿ ತಾಲ್ಲೂಕಿನ ಒಂದು ಹೋಬಳಿಯಾಗಿಯೇ ಉಳಿದಿದೆ. ಆದರೆ ಇತಿಹಾಸ ಓದಿದವರಿಗೆ ಕಡಬ ಎಂದರೆ ತಾಮ್ರಶಾಸನ. ಶಕವರ್ಷ 735 ಎಂದು ನಮೂದಾಗಿರುವ, ಅಂದರೆ ಕ್ರಿ.ಶ. 812–13ರ ಹೊತ್ತಿನ ಆ ಶಾಸನದಲ್ಲಿ ರಾಷ್ಟ್ರಕೂಟ ಮುಮ್ಮಡಿ ಗೋವಿಂದ, ಗಂಗಮಂಡಲದ ಅಧಿಪತಿ ಚಾಕಿರಾಜನ ಬಿನ್ನಹದ ಮೇರೆಗೆ ಅರ್ಕಕೀರ್ತಿ ಎಂಬ ಜೈನ ಮುನಿಗೆ ಜಾಲಮಂಗಲ ಎಂಬ ಊರನ್ನು ದಾನ ಕೊಡುತ್ತಾನೆ. ದಾನ ಸೇರುವುದು ಶಿಲಾಗ್ರಾಮದ ಜಿನಾಲಯಕ್ಕೆ. ಯಾಕೆ ಕೊಟ್ಟ? ಕುನುಂಗಿಲ್ ದೇಶವನ್ನು, ಅಂದರೆ ನಮ್ಮ ಕುಣಿಗಲ್ ಸೀಮೆಯನ್ನು ಆಳುತ್ತಿದ್ದ ವಿಮಲಾದಿತ್ಯನಿಗೆ ಶನಿಕಾಟವಿತ್ತು; ಮುನಿ ಅದನ್ನು ಕಳೆದ. ಶನಿಕಾಟಕ್ಕೆ ಇವತ್ತು ಎಳ್ಳೆಣ್ಣೆ ದೀಪ ಹಚ್ಚುವ ನಾವು ಆ ವಿಮಲಾದಿತ್ಯನಿಗಿಂತ ಬಹಳ ದೂರ ಬಂದಿಲ್ಲ, ಇರಲಿ.

ಈಗ ಇಸವಿಯನ್ನು ನೋಡಿ. ಶಂಕರಾಚಾರ್ಯರಿಗೆ ರೂಢಿಯಲ್ಲಿ ಹೇಳುವ ಕಾಲ 788ರಿಂದ 820. ಎಷ್ಟೋ ವಿದ್ವಾಂಸರು ಅವರನ್ನು ಇನ್ನೂ ಹಿಂದಕ್ಕೆ, ಎಂಟನೆಯ ಶತಮಾನದ ಮೊದಲ ಭಾಗಕ್ಕೆ ಒಯ್ಯುತ್ತಾರೆ. ಹೇಗೆ ಲೆಕ್ಕ ಹಾಕಿದರೂ, ಬ್ರಹ್ಮಸೂತ್ರಕ್ಕೆ ಅದ್ವೈತ ಭಾಷ್ಯ ಹುಟ್ಟಿದ ಕಾಲಕ್ಕೂ ಈ ತಾಮ್ರಪಟ ಕೊರೆದ ಕಾಲಕ್ಕೂ ಹೆಚ್ಚು ಅಂತರವಿಲ್ಲ. ಆಗ ಈ ಸೀಮೆಯಲ್ಲಿ ರಾಜಮರ್ಯಾದೆ ಪಡೆದಿದ್ದದ್ದು ವೇದವನ್ನೇ ಪ್ರಮಾಣವೆಂದು ಒಪ್ಪದ ಜೈನ ದರ್ಶನ. ಇಲ್ಲಿ ವೇದಾಂತ ಖಾಲಿ ಬಯಲಿಗೆ ಬರಲಿಲ್ಲ. ಎದುರಾಳಿ ಮೊದಲೇ ಇದ್ದ, ಗಟ್ಟಿಯಾಗಿಯೇ ಇದ್ದ. ಶಂಕರರ ಸೂತ್ರಭಾಷ್ಯದ ಎರಡನೆಯ ಅಧ್ಯಾಯದಲ್ಲಿ ಸಾಂಖ್ಯ, ವೈಶೇಷಿಕ, ಬೌದ್ಧ, ಜೈನ, ಪಾಶುಪತ ಎಲ್ಲರೊಡನೆಯೂ ವಾದ ನಡೆಯುತ್ತದೆ. ಮೊದಲು ಎದುರಾಳಿಯ ಮಾತನ್ನು ಅವನ ಬಾಯಿಂದಲೇ ಆಡಿಸಬೇಕು, ಅದು ಪೂರ್ವಪಕ್ಷ. ಆಮೇಲೆ ಉತ್ತರ, ಅದು ಸಿದ್ಧಾಂತ. ಎದುರಾಳಿಯ ಮಾತನ್ನು ಸಪ್ಪೆ ಮಾಡಿ ಹೇಳಿದರೆ ಗೆಲುವೂ ಸಪ್ಪೆಯೇ.

ಈ ಊರಿನ ಎರಡನೆಯ ಪದರ ಶ್ರೀವೈಷ್ಣವರದು. ಲೂಯಿಸ್ ರೈಸ್ ತಮ್ಮ ಮೈಸೂರು ಗೆಝೆಟಿಯರಿನಲ್ಲಿ ಕಡಬವನ್ನು ಶ್ರೀವೈಷ್ಣವರ ಅಗ್ರಹಾರವೆಂದೇ ಗುರುತಿಸಿದ್ದಾರೆ. ಲಂಕೆಯಿಂದ ಮರಳುವಾಗ ರಾಮ ಇಲ್ಲಿ ಬೀಡು ಬಿಟ್ಟಿದ್ದ, ಸೀತೆ ಕೇಳಿದಳೆಂದು ಶಿಂಷಾ ಹೊಳೆಗೆ ಒಡ್ಡು ಹಾಕಿಸಿ ಕೆರೆ ಮಾಡಿಸಿದ ಎಂಬ ಐತಿಹ್ಯವನ್ನೂ ಅವರು ಬರೆದಿಟ್ಟಿದ್ದಾರೆ. ಹೆಬ್ಬಾರ್ ಅಯ್ಯಂಗಾರರ ಹಳೆಯ ನೆಲೆಗಳಲ್ಲಿ ನಮ್ಮ ಊರೂ ಒಂದು. ಬೆಂಗಳೂರಿನಲ್ಲಿ, ಅಮೆರಿಕದಲ್ಲಿ ಹೆಸರಿನ ಹಿಂದೆ ಕಡಬ ಎಂದು ಇಟ್ಟುಕೊಂಡ ಮನೆತನಗಳವರು ಎಷ್ಟೋ ಮಂದಿ ಈ ಕೆರೆ ಏರಿಯನ್ನು ಕಂಡೇ ಇಲ್ಲ. ಹೆಸರು ಮಾತ್ರ ಅವರೊಡನೆ ಊರೂರು ಸುತ್ತುತ್ತಿದೆ. ಮನೆಯಲ್ಲಿ ಕನ್ನಡ ಬೆರೆತ ತಮಿಳು, ಬೀದಿಯಲ್ಲಿ ಕನ್ನಡ, ಕೈಯಲ್ಲಿ ಕನ್ನಡ ಲಿಪಿಯಲ್ಲಿ ಅಚ್ಚಾದ ತಮಿಳು ದಿವ್ಯಪ್ರಬಂಧ. ಇದು ರಾಮಾನುಜ ದರ್ಶನ ನಮ್ಮ ನಾಡಿಗೆ ಬಂದ ದಾರಿಯನ್ನೇ ಹೇಳುತ್ತದೆ. ಹೊಯ್ಸಳರ ಕಾಲದಲ್ಲಿ ರಾಮಾನುಜರು ಚೋಳರ ನಾಡು ಬಿಟ್ಟು ತೊಂಡನೂರಿಗೆ, ಮೇಲುಕೋಟೆಗೆ ಬಂದರು, ಅರಸ ಬಿಟ್ಟಿದೇವ ವಿಷ್ಣುವರ್ಧನನಾದ ಎಂದು ಸಂಪ್ರದಾಯ ಹೇಳುತ್ತದೆ. ಸಂಪ್ರದಾಯದ ಲೆಕ್ಕದಲ್ಲಿ ಅವರ ಕಾಲ 1017ರಿಂದ 1137.

ಜೈನರ ನೆಲದಲ್ಲಿ ಶ್ರೀವೈಷ್ಣವರು ಬೇರುಬಿಟ್ಟಾಗ ತಿಕ್ಕಾಟ ಆಗಲಿಲ್ಲವೇ? ಆಯಿತು. ವಿಜಯನಗರದ ಬುಕ್ಕರಾಯನ 1368ರ ಶಾಸನ ಶ್ರವಣಬೆಳಗೊಳದಲ್ಲಿದೆ, ಅದರ ಇನ್ನೊಂದು ಪ್ರತಿ ಇಲ್ಲೇ ಕುಣಿಗಲ್ ಆಚೆ ಮಾಗಡಿ ತಾಲ್ಲೂಕಿನ ಕಲ್ಯದಲ್ಲಿದೆ. ಜೈನರು ಬಂದು ದೂರು ಕೊಟ್ಟರು. ಅರಸು ವೈಷ್ಣವರನ್ನೂ ಕರೆಸಿ, ಜೈನರ ಕೈಯನ್ನು ವೈಷ್ಣವರ ಕೈಯಲ್ಲಿಟ್ಟು, ಇಬ್ಬರಲ್ಲೂ ಭೇದವಿಲ್ಲವೆಂದು ತೀರ್ಪು ಕೊಟ್ಟ. ಜೈನರ ಬಸದಿಗಳಿಗೆ ವೈಷ್ಣವರೇ ಕಾವಲು ನಿಲ್ಲಬೇಕೆಂದು ಕಟ್ಟು ಮಾಡಿದ. ಗಮನಿಸಿ, ಯಾರ ಸಿದ್ಧಾಂತ ಸರಿ ಎಂದು ಬುಕ್ಕ ತೀರ್ಮಾನಿಸಲಿಲ್ಲ. ಅದು ಅರಮನೆಯ ಕೆಲಸವಲ್ಲ ಎಂದು ಅವನಿಗೆ ಗೊತ್ತಿತ್ತು.

ಇನ್ನು ಮತಗಳ ಒಳಗೆ ಹೋಗೋಣ.

ಮೂವರು ಆಚಾರ್ಯರಿಗೂ ಮೂಲಧನ ಒಂದೇ: ಉಪನಿಷತ್ತು, ಭಗವದ್ಗೀತೆ, ಬ್ರಹ್ಮಸೂತ್ರ. ಪ್ರಸ್ಥಾನತ್ರಯ ಎನ್ನುವುದು ಇದಕ್ಕೇ. ಸೂತ್ರವನ್ನೇ ತೆಗೆದುಕೊಳ್ಳಿ. ಶಂಕರರ ಪಾಠದಲ್ಲಿ 555 ಸೂತ್ರ, ರಾಮಾನುಜರಲ್ಲಿ 545, ಮಧ್ವರಲ್ಲಿ 564. ಒಬ್ಬರು ಎರಡಾಗಿ ಒಡೆದದ್ದನ್ನು ಇನ್ನೊಬ್ಬರು ಒಂದಾಗಿ ಓದುತ್ತಾರೆ. ಒಬ್ಬರಿಗೆ ಪೂರ್ವಪಕ್ಷವಾದ ಸೂತ್ರ ಇನ್ನೊಬ್ಬರಿಗೆ ಸಿದ್ಧಾಂತ. ಮೊದಲ ಸೂತ್ರದ ಮೊದಲ ಪದ ‘ಅಥ’ದಲ್ಲೇ ದಾರಿ ಕವಲೊಡೆಯುತ್ತದೆ. ಬ್ರಹ್ಮವನ್ನು ವಿಚಾರಿಸಲು ಹೊರಡುವುದು ಯಾವುದರ ನಂತರ? ವಿವೇಕ, ವೈರಾಗ್ಯ, ಶಮದಮಾದಿ, ಮುಮುಕ್ಷುತ್ವ ಈ ನಾಲ್ಕು ಸಾಧನೆ ಕೈಗೂಡಿದ ನಂತರ ಎನ್ನುತ್ತಾರೆ ಶಂಕರರು. ಕರ್ಮಕಾಂಡ ಓದಿಯೇ ಬರಬೇಕೆಂಬ ಕಟ್ಟು ಅವರಲ್ಲಿಲ್ಲ. ಕರ್ಮವಿಚಾರ ಮುಗಿಸಿ, ಅದರ ಫಲ ಅಲ್ಪ, ಅಸ್ಥಿರ ಎಂದು ಕಂಡುಕೊಂಡ ನಂತರ ಎನ್ನುತ್ತಾರೆ ರಾಮಾನುಜರು. ಅವರಿಗೆ ಎರಡು ಮೀಮಾಂಸೆಗಳೂ ಸೇರಿ ಒಂದೇ ಶಾಸ್ತ್ರ. ಮಧ್ವರಿಗೆ ಆ ಪದ ಮಂಗಳವೂ ಹೌದು, ಅಧಿಕಾರ ಬಂದ ನಂತರ ಎಂಬುದರ ಸೂಚನೆಯೂ ಹೌದು. ವಿಷ್ಣುವಿನ ಪ್ರಸಾದವಿಲ್ಲದೆ ಮೋಕ್ಷವಿಲ್ಲವಾದ್ದರಿಂದ ವಿಚಾರ ಬೇಕು. ಸಂನ್ಯಾಸಿಯ ಬಾಗಿಲು, ಗೃಹಸ್ಥನ ಬಾಗಿಲು, ಭಕ್ತನ ಬಾಗಿಲು ಎಂದು ಸ್ಥೂಲವಾಗಿ ಹೇಳಬಹುದು. ಸ್ಥೂಲ ಎಂದೆ, ಪಂಡಿತರು ಕ್ಷಮಿಸಬೇಕು.

ಇದನ್ನು ಇನ್ನಷ್ಟು ಹತ್ತಿರದಿಂದ ನೋಡಲು ಒಂದು ಚೊಂಬು ನೀರು, ಒಂದು ಹರಳು ಕಲ್ಲುಪ್ಪು ಸಾಕು. ಛಾಂದೋಗ್ಯ ಉಪನಿಷತ್ತಿನ ಆರನೆಯ ಅಧ್ಯಾಯದಲ್ಲಿ ಉದ್ದಾಲಕ ಆರುಣಿ ಮಗ ಶ್ವೇತಕೇತುವಿಗೆ ಪಾಠ ಹೇಳುತ್ತಾನೆ. ಹುಡುಗ ಹನ್ನೆರಡು ವರ್ಷ ಗುರುಕುಲದಲ್ಲಿದ್ದು, ಎಲ್ಲ ಕಲಿತೆನೆಂಬ ಬಿಗುಮಾನದಲ್ಲಿ ಮನೆಗೆ ಬಂದವನು. ರಾತ್ರಿ ನೀರಿಗೆ ಉಪ್ಪು ಹಾಕಿಟ್ಟು ಬೆಳಿಗ್ಗೆ ಬಾ ಎನ್ನುತ್ತಾನೆ ಅಪ್ಪ. ಬೆಳಿಗ್ಗೆ ಆ ಉಪ್ಪನ್ನು ತೆಗೆದುಕೊಡು ಎಂದರೆ ಸಿಗುವುದಿಲ್ಲ. ಮೇಲಿನಿಂದ ಕುಡಿ, ನಡುವಿನಿಂದ ಕುಡಿ, ತಳದಿಂದ ಕುಡಿ, ಎಲ್ಲೆಲ್ಲೂ ಉಪ್ಪು. ಹೀಗೆ ಒಂಬತ್ತು ದೃಷ್ಟಾಂತ ಕೊಟ್ಟು, ಒಂಬತ್ತು ಸಲವೂ ‘ತತ್ತ್ವಮಸಿ’ ಎನ್ನುತ್ತಾನೆ.

ಚೊಂಬು ಒಂದೇ, ನೀರು ಒಂದೇ. ಶಂಕರರು ನೋಡುತ್ತಾರೆ: ಹರಳಿನ ಆಕಾರ ಹೋಯಿತು, ಹೆಸರು ಹೋಯಿತು, ಕಣ್ಣಿಗೂ ಕೈಗೂ ಸಿಗದಿದ್ದರೂ ಅದು ಇದೆ, ತಿಳಿಯುವ ಉಪಾಯ ಮಾತ್ರ ಬೇರೆ. ಹಾಗೆಯೇ ಜಗತ್ತಿನ ಮೂಲವಾದ ಸದ್ವಸ್ತು ಇಂದ್ರಿಯಕ್ಕೆ ಸಿಗದು, ಆದರೆ ಇದೆ, ಅದೇ ನೀನು. ದೇಹ, ಮನಸ್ಸು, ಅಲ್ಪತ್ವಗಳೆಲ್ಲ ಮೇಲೆ ಬಂದು ಕೂತದ್ದು; ಅವನ್ನು ಬಿಟ್ಟು ನೋಡಿದರೆ ‘ಅದು’ ಮತ್ತು ‘ನೀನು’ ಎರಡಲ್ಲ. ರಾಮಾನುಜರು ಅದೇ ಚೊಂಬನ್ನು ನೋಡುತ್ತಾರೆ: ಉಪ್ಪು ನೀರಿನ ಕಣಕಣದಲ್ಲೂ ಇದೆ, ನೀರು ಇಲ್ಲವಾಗಿಲ್ಲ. ಜೀವನೂ ಜಗತ್ತೂ ಸತ್ಯ. ಎರಡೂ ಭಗವಂತನ ಶರೀರ, ಅವನು ಅವುಗಳ ಒಳಗಿನ ಆತ್ಮ. ‘ನೀನು’ ಎಂದಾಗ ಆ ಮಾತು ನಿನ್ನ ಜೀವದಲ್ಲೇ ನಿಲ್ಲದೆ ನಿನ್ನನ್ನು ಶರೀರವಾಗಿ ಉಳ್ಳ ಅವನವರೆಗೂ ಹೋಗುತ್ತದೆ. ಹಾಗಾಗಿ ಐಕ್ಯವೂ ನಿಜ, ವಿಶೇಷಣವಾಗಿ ನೀನೂ ನಿಜ. ಮಧ್ವರ ಸರದಿ ಬಂದಾಗ ಚೊಂಬನ್ನೇ ತಿರುಗಿಸಿ ಇಡುತ್ತಾರೆ. ಉಪ್ಪು ಉಪ್ಪೇ, ನೀರು ನೀರೇ; ಬೆರೆತ ಮಾತ್ರಕ್ಕೆ ಒಂದು ಇನ್ನೊಂದಾಯಿತೇ? ದಾರಕ್ಕೆ ಕಟ್ಟಿದ ಹಕ್ಕಿ ದಾರವೇ? ನದಿ ಸಮುದ್ರವೇ? ಅಪ್ಪ ಕೊಟ್ಟ ಒಂಬತ್ತು ದೃಷ್ಟಾಂತವೂ ಭೇದವನ್ನೇ ಹೇಳುವಾಗ ಕೊನೆಯ ವಾಕ್ಯ ಮಾತ್ರ ಅಭೇದ ಹೇಳುವುದು ಹೇಗೆ? ಸಂಧಿಯನ್ನು ‘ಅತತ್ ತ್ವಮಸಿ’ ಎಂದು ಬಿಡಿಸಬೇಕು, ಅದು ನೀನಲ್ಲ, ಎನ್ನುತ್ತಾರೆ ಅವರು. ಎಲ್ಲವನ್ನೂ ತಿಳಿದೆನೆಂದು ಬೀಗುತ್ತ ಬಂದ ಹುಡುಗನಿಗೆ ಅಪ್ಪ ಹೇಳಬೇಕಾದ್ದು ನೀನೇ ದೇವರು ಎಂದೋ, ನೀನು ದೇವರಲ್ಲ ಎಂದೋ ಎಂಬ ಪ್ರಶ್ನೆ ತಮಾಷೆಯದಲ್ಲ. ವ್ಯಾಕರಣದ ದೃಷ್ಟಿಯಿಂದ ನನಗೆ ಮಧ್ವರ ಪದಚ್ಛೇದ ಸ್ವಲ್ಪ ಬಲವಂತದ್ದೆಂದೇ ತೋರುತ್ತದೆ. ಆದರೆ ದೃಷ್ಟಾಂತಗಳನ್ನು ಹಿಡಿದು ಅವರು ಕೇಳಿದ ಪ್ರಶ್ನೆಗೆ ಸುಲಭದ ಉತ್ತರವಿಲ್ಲ.

ಇಲ್ಲಿ ಶಂಕರರ ಪರವಾಗಿ ಒಂದು ಮಾತು. ‘ಎಲ್ಲಾ ಮಾಯೆ ಕಣಯ್ಯಾ’ ಎಂದು ನಾವು ಸಾಲ ತೀರಿಸಲಾಗದಾಗ, ತೆಂಗಿಗೆ ನುಸಿ ಬಿದ್ದಾಗ ಅನ್ನುತ್ತೇವಲ್ಲ, ಅದಕ್ಕೆ ಅವರು ಹೊಣೆಯಲ್ಲ. ಹೊರಗಿನ ವಸ್ತುವೇ ಇಲ್ಲ, ಎಲ್ಲ ಮನಸ್ಸಿನ ಆಟ ಎಂದ ಬೌದ್ಧ ವಿಜ್ಞಾನವಾದಿಗಳನ್ನು ಅವರು ಎರಡನೆಯ ಅಧ್ಯಾಯದಲ್ಲಿ ಗಟ್ಟಿಯಾಗಿ ಖಂಡಿಸುತ್ತಾರೆ: ಕಣ್ಣೆದುರಿಗೆ ಕಂಬ ಕಾಣುತ್ತಿರುವಾಗ ಇಲ್ಲವೆನ್ನಲಾಗದು, ಎಚ್ಚರದ ಅನುಭವ ಕನಸಿನಂತಲ್ಲ ಎಂದು. ಬ್ರಹ್ಮಜ್ಞಾನವಾಗುವ ತನಕ ಲೋಕ ವ್ಯವಹಾರಕ್ಕೆ ಪೂರ್ತಿ ಸತ್ಯ. ಹಗ್ಗದಲ್ಲಿ ಕಂಡ ಹಾವಿನ ಸತ್ಯ ಬೇರೆ, ಹಗ್ಗದ ಸತ್ಯ ಬೇರೆ, ಬ್ರಹ್ಮದ ಸತ್ಯ ಬೇರೆ ಎಂದು ಮೆಟ್ಟಿಲು ಮಾಡಿದ್ದೇ ಅದಕ್ಕಾಗಿ. ಆ ಮೆಟ್ಟಿಲುಗಳು ನಿಲ್ಲುತ್ತವೆಯೇ ಎಂಬುದೇ ರಾಮಾನುಜ, ಮಧ್ವರ ಆಕ್ಷೇಪ.

ರಾಮಾನುಜರ ಶ್ರೀಭಾಷ್ಯವನ್ನು ತೆರೆದವರಿಗೆ ಮೊದಲ ಸೂತ್ರದಲ್ಲೇ ಒಂದು ಸೋಜಿಗ ಕಾದಿರುತ್ತದೆ. ಅಲ್ಲಿ ಮಹಾಪೂರ್ವಪಕ್ಷ ಎಂಬ ದೀರ್ಘ ಭಾಗವಿದೆ. ಅದು ಅದ್ವೈತದ ಮಂಡನೆ. ಹೆಸರು ಮುಚ್ಚಿ ಓದಿಸಿದರೆ ಬರೆದವರು ಅದ್ವೈತಿಯೇ ಎನ್ನಬೇಕು, ಅಷ್ಟು ಬಿಗಿಯಾಗಿದೆ. ಅದನ್ನು ಪೂರ್ತಿ ಹೇಳಿ ಮುಗಿಸಿದ ಮೇಲೆಯೇ ಮಹಾಸಿದ್ಧಾಂತ ಶುರು. ಅವಿದ್ಯೆ ಯಾರನ್ನು ಆಶ್ರಯಿಸಿದೆ? ಬ್ರಹ್ಮವನ್ನೆಂದರೆ ಬ್ರಹ್ಮ ಜ್ಞಾನಸ್ವರೂಪ. ಜೀವನನ್ನೆಂದರೆ ಜೀವಭಾವವೇ ಅವಿದ್ಯೆಯಿಂದ ಬಂದದ್ದು. ಹೀಗೆ ಏಳು ಅನುಪಪತ್ತಿಗಳು, ಅಂದರೆ ಹೊಂದಾಣಿಕೆಯಾಗದ ಸಂಗತಿಗಳು. ಶ್ರೀವೈಷ್ಣವ ಮನೆಗಳಲ್ಲಿ ಹುಟ್ಟಿದ ಮಕ್ಕಳು ಅದ್ವೈತವನ್ನು ಮೊದಲು ಕಲಿತದ್ದು ಆ ಪುಟಗಳಿಂದಲೇ ಇರಬಹುದು. ಎದುರಾಳಿಯನ್ನು ಗೌರವಿಸುವುದೆಂದರೆ ಇದು.

ಈ ಗ್ರಂಥ ಉಳಿದದ್ದರಲ್ಲೂ ನಮ್ಮ ನಾಡಿನ ಪಾಲಿದೆ. ಶ್ರೀಭಾಷ್ಯಕ್ಕೆ ಸುದರ್ಶನಸೂರಿಗಳು ಬರೆದ ಶ್ರುತಪ್ರಕಾಶಿಕೆ ಎಂಬ ದೊಡ್ಡ ವ್ಯಾಖ್ಯಾನವಿದೆ. ಹದಿನಾಲ್ಕನೆಯ ಶತಮಾನದ ಮೊದಲ ಭಾಗದಲ್ಲಿ ದೆಹಲಿಯ ಸೈನ್ಯ ಶ್ರೀರಂಗದ ಮೇಲೆ ಬಿದ್ದಾಗ, ಶ್ರೀವೈಷ್ಣವ ಆಚಾರ್ಯ ವೇದಾಂತ ದೇಶಿಕರು ಆ ಓಲೆಯ ಕಟ್ಟನ್ನೂ ಸುದರ್ಶನಸೂರಿಗಳ ಇಬ್ಬರು ಮಕ್ಕಳನ್ನೂ ಕಾಪಾಡಿಕೊಂಡು, ಹೆಣಗಳ ನಡುವೆ ಅಡಗಿದ್ದು, ಕೊನೆಗೆ ಸತ್ತೇಗಾಲಕ್ಕೆ ಬಂದು ಸೇರಿದರೆಂದು ಸಂಪ್ರದಾಯ ಹೇಳುತ್ತದೆ. ಸತ್ತೇಗಾಲ ಇರುವುದು ಶಿವನಸಮುದ್ರದ ಬಳಿ. ನಮ್ಮ ಕೆರೆಯ ಕೋಡಿ ಹರಿದ ನೀರು ಮಾರ್ಕೋನಹಳ್ಳಿ, ಮದ್ದೂರು ದಾಟಿ ಕಾವೇರಿಗೆ ಸೇರುವುದೂ ಆ ಸೀಮೆಯಲ್ಲೇ.

ಮಧ್ವರ ವಿಷಯಕ್ಕೆ ಬಂದರೆ, ಮೂವರಲ್ಲಿ ಕನ್ನಡ ನೆಲದಲ್ಲೇ ಹುಟ್ಟಿದವರು ಅವರೊಬ್ಬರೇ. 1238ರಲ್ಲಿ ಉಡುಪಿಯ ಹತ್ತಿರ ಪಾಜಕದಲ್ಲಿ ಹುಟ್ಟಿದರು. ಸೂತ್ರಗಳ ಮೇಲೆಯೇ ನಾಲ್ಕು ಗ್ರಂಥ ಬರೆದರು. ಸ್ವತಂತ್ರ ತತ್ತ್ವ ವಿಷ್ಣು ಒಬ್ಬನೇ, ಉಳಿದದ್ದೆಲ್ಲ ಅವನ ಅಧೀನ; ಈಶ್ವರ, ಜೀವ, ಜಡ ಇವುಗಳ ನಡುವೆ ಐದು ಬಗೆಯ ಭೇದ, ಐದೂ ಸತ್ಯ. ಜೀವರಲ್ಲಿ ತಾರತಮ್ಯ ಹುಟ್ಟಿನಿಂದಲ್ಲ, ಸ್ವರೂಪದಿಂದಲೇ ಇದೆ. ಕೆಲವು ಜೀವರಿಗೆ ಎಂದೆಂದಿಗೂ ಮೋಕ್ಷವಿಲ್ಲ ಎಂಬ ಮಾತನ್ನೂ ಅವರು ಹಿಂಜರಿಯದೆ ಆಡಿದರು. ಈ ಕೊನೆಯದು ನನಗೆ ಗಂಟಲಲ್ಲಿ ಇಳಿಯುವುದಿಲ್ಲ. ಆದರೆ ಕಂಡ ಲೋಕವನ್ನು ಕಂಡಂತೆ ಒಪ್ಪುವ, ಅನುಭವಕ್ಕೆ ‘ಸಾಕ್ಷಿ’ಯೇ ಕಡೆಯ ಪ್ರಮಾಣ ಎನ್ನುವ ಅವರ ಧೈರ್ಯ ದೊಡ್ಡದು.

ವಾದದ ಸೊಬಗನ್ನು ತುತ್ತತುದಿಯಲ್ಲಿ ನೋಡಬೇಕಾದರೆ ಬನ್ನೂರಿನಲ್ಲಿ ಹುಟ್ಟಿ, ಮುಳಬಾಗಿಲಿನ ಶ್ರೀಪಾದರಾಜರಲ್ಲಿ ಓದಿ, ವಿಜಯನಗರದಲ್ಲಿ ಬೆಳಗಿದ, ಮಧ್ವ ಪರಂಪರೆಯ ವ್ಯಾಸತೀರ್ಥರ ಹತ್ತಿರ ಹೋಗಬೇಕು. 1539ರಲ್ಲಿ ಅವರು ತೀರಿಕೊಂಡರು. ಆನೆಗೊಂದಿಯ ನವಬೃಂದಾವನದಲ್ಲಿ ಅವರ ಬೃಂದಾವನವಿದೆ. ಅವರ ನ್ಯಾಯಾಮೃತ ಅದ್ವೈತದ ಮೇಲೆ ಮಾಡಿದ ದೊಡ್ಡ ದಾಳಿ. ಆದರೆ ಹೇಗೆ ಮಾಡಿದರು? ಜಗತ್ತು ಮಿಥ್ಯೆ ಎನ್ನುತ್ತೀರಲ್ಲ, ಮಿಥ್ಯೆ ಎಂದರೇನು ಎಂದು ಕೇಳಿ, ಅದ್ವೈತಿಗಳೇ ಬೇರೆ ಬೇರೆ ಕಾಲದಲ್ಲಿ ಕೊಟ್ಟ ಐದು ಲಕ್ಷಣಗಳನ್ನು ಹುಡುಕಿ ತಂದು ಸಾಲಾಗಿ ಇಟ್ಟರು. ಒಂದೊಂದನ್ನೂ ಪರೀಕ್ಷಿಸಿದರು. ಆಮೇಲೆ ಪ್ರಶ್ನೆ: ಜಗತ್ತಿನ ಮಿಥ್ಯಾತ್ವ ಇದೆಯಲ್ಲ, ಅದು ಸತ್ಯವೋ ಮಿಥ್ಯೆಯೋ? ಸತ್ಯವೆಂದರೆ ಬ್ರಹ್ಮದ ಜೊತೆಗೆ ಇನ್ನೊಂದು ಸತ್ಯ ಬಂತು, ಅದ್ವೈತ ಹೋಯಿತು. ಮಿಥ್ಯೆಯೆಂದರೆ ಜಗತ್ತು ಸತ್ಯವೆಂದಾಯಿತು. ಎತ್ತ ಹೋದರೂ ಗೋಡೆ.

ಬಂಗಾಳದ ಕಡೆಯಿಂದ ಕಾಶಿಗೆ ಬಂದು ನೆಲೆಸಿದ್ದ ಮಧುಸೂದನ ಸರಸ್ವತಿಗಳು ಅದ್ವೈತಸಿದ್ಧಿಯಲ್ಲಿ ಇದಕ್ಕೆ ಸಾಲುಸಾಲಾಗಿ ಉತ್ತರ ಬರೆದರು. ಜಗತ್ತೂ ಅದರ ಮಿಥ್ಯಾತ್ವವೂ ಒಂದೇ ಅಂತಸ್ತಿನವು, ಒಂದೇ ಬ್ರಹ್ಮಜ್ಞಾನದಿಂದ ಎರಡೂ ಒಟ್ಟಿಗೇ ಬಾಧಿತವಾಗುತ್ತವೆ. ಮಿಥ್ಯಾತ್ವ ಮಿಥ್ಯೆಯಾದ ಮಾತ್ರಕ್ಕೆ ಜಗತ್ತು ಎದ್ದು ಸತ್ಯವಾಗಿ ಕೂರುವುದಿಲ್ಲ ಎಂದರು. ಅಷ್ಟಕ್ಕೆ ಮುಗಿಯಲಿಲ್ಲ. ದ್ವೈತಿ ವ್ಯಾಸ ರಾಮಾಚಾರ್ಯರು ಕಾಶಿಗೆ ಹೋಗಿ, ಮಧುಸೂದನರ ಬಳಿಯೇ ಶಿಷ್ಯರಾಗಿ ಕೂತು ಅದ್ವೈತಸಿದ್ಧಿಯನ್ನು ಪಾಠ ಹೇಳಿಸಿಕೊಂಡು, ಆಮೇಲೆ ಅದರ ಖಂಡನೆಯಾಗಿ ನ್ಯಾಯಾಮೃತ ತರಂಗಿಣಿ ಬರೆದರೆಂದು ಕತೆಯಿದೆ. ಅದಕ್ಕೆ ಅದ್ವೈತಿ ಬ್ರಹ್ಮಾನಂದರ ಉತ್ತರ, ಆ ಉತ್ತರಕ್ಕೆ ದ್ವೈತಿಗಳ ಮರುಉತ್ತರ. ರಾಮಾಚಾರ್ಯರ ಕತೆ ಎಷ್ಟು ನಿಜವೋ ಗೊತ್ತಿಲ್ಲ, ಆದರೆ ಅದನ್ನು ಎರಡೂ ಕಡೆಯವರು ಇಷ್ಟಪಟ್ಟು ಹೇಳುತ್ತಾರೆ. ದಕ್ಷಿಣದ ಪ್ರಶ್ನೆಗೆ ಗಂಗಾ ತೀರದಲ್ಲಿ ಉತ್ತರ ಹುಟ್ಟಿದ ಈ ಸರಣಿಯಿಂದ ಲಾಭವಾದದ್ದು ಅದ್ವೈತಕ್ಕೇ ಹೆಚ್ಚು ಎಂದು ನಾನು ತಿಳಿದಿದ್ದೇನೆ. ನ್ಯಾಯಾಮೃತ ಇಲ್ಲದಿದ್ದರೆ ಅದ್ವೈತಸಿದ್ಧಿ ಇಲ್ಲ.

ಶೃಂಗೇರಿಯ ಕಡೆಯೂ ಇದೇ ಶಿಸ್ತು. ಮಾಧವಾಚಾರ್ಯರ ಸರ್ವದರ್ಶನಸಂಗ್ರಹ ಚಾರ್ವಾಕನಿಂದ ಶುರುವಾಗಿ ಹದಿನಾರು ದರ್ಶನಗಳನ್ನು ಒಂದೊಂದಾಗಿ ಹೇಳುತ್ತದೆ. ಈ ಮಾಧವರನ್ನು ಸಂಪ್ರದಾಯ ಶೃಂಗೇರಿ ಮಠದ ವಿದ್ಯಾರಣ್ಯರೆಂದೇ ಗುರುತಿಸುತ್ತದೆ. ಅದ್ವೈತಿ ಬರೆದ ಆ ಪುಸ್ತಕದಲ್ಲಿ ರಾಮಾನುಜ ದರ್ಶನಕ್ಕೂ ಪೂರ್ಣಪ್ರಜ್ಞ ದರ್ಶನಕ್ಕೂ, ಅಂದರೆ ಮಧ್ವರ ಮತಕ್ಕೂ, ಅದರದರ ಅಧ್ಯಾಯವಿದೆ. ಚಾರ್ವಾಕರ ಮಾತನ್ನು ಇವತ್ತು ತಿಳಿಯಬೇಕಾದವರೂ ಮೊದಲು ಹೋಗುವುದು ಅಲ್ಲಿಗೇ.

ನಿಂಬಾರ್ಕ, ವಲ್ಲಭ, ಚೈತನ್ಯರ ಮತಗಳು ಉತ್ತರದಲ್ಲಿ ಬೆಳೆದವು. ಭೇದವೂ ಉಂಟು, ಅಭೇದವೂ ಉಂಟು ಎಂಬುದನ್ನು ನಿಂಬಾರ್ಕರೂ ಚೈತನ್ಯರ ಅನುಯಾಯಿಗಳೂ ತಮ್ಮ ತಮ್ಮ ರೀತಿಯಲ್ಲಿ ಹೇಳಿದರು, ವಲ್ಲಭರದು ಶುದ್ಧಾದ್ವೈತ. ಅವರಿಗೆ ಬೇರೆಯೇ ಉಪನ್ಯಾಸ ಬೇಕು. ನಾವು ನಮ್ಮ ಸೀಮೆಗೇ ಮರಳೋಣ.

ಗುಬ್ಬಿ, ಕುಣಿಗಲ್ ಸೀಮೆಯಲ್ಲಿ ನಿಂತು ಮೂರೇ ಮತ ಎಂದರೆ ತಪ್ಪಾಗುತ್ತದೆ. ಗುಬ್ಬಿಯ ಮಲ್ಲಣಾರ್ಯ 1513ರಲ್ಲಿ ಭಾವಚಿಂತಾರತ್ನವನ್ನೂ 1530ರಲ್ಲಿ ವೀರಶೈವಾಮೃತ ಪುರಾಣವನ್ನೂ ಬರೆದ. ಎಡೆಯೂರಿನ ತೋಂಟದ ಸಿದ್ಧಲಿಂಗ ಯತಿಗಳು 701 ವಚನಗಳ ಷಟ್‌ಸ್ಥಲ ಜ್ಞಾನಸಾರಾಮೃತವನ್ನು ಕೊಟ್ಟರು. ಲಿಂಗ ಮತ್ತು ಅಂಗಗಳ ಸಾಮರಸ್ಯ, ಆರು ಸ್ಥಲಗಳ ಏರಿಕೆ, ಶಕ್ತಿಯಿಂದ ವಿಶಿಷ್ಟನಾದ ಶಿವ: ಇದನ್ನು ಶಕ್ತಿವಿಶಿಷ್ಟಾದ್ವೈತವೆಂದು ಕರೆದು ಬ್ರಹ್ಮಸೂತ್ರಕ್ಕೂ ಜೋಡಿಸಿದ್ದುಂಟು. ಶ್ರೀಪತಿ ಪಂಡಿತರ ಶ್ರೀಕರಭಾಷ್ಯ ಅಂಥದು, ಸಿ. ಹಯವದನರಾಯರು 1936ರಲ್ಲಿ ಬೆಂಗಳೂರಿನಿಂದ ಅದನ್ನು ಪ್ರಕಟಿಸಿದರು. ಒಬ್ಬ ಬ್ರಾಹ್ಮಣ ವಿದ್ವಾಂಸ ವೀರಶೈವ ಭಾಷ್ಯವನ್ನು ವರ್ಷಗಟ್ಟಲೆ ಕೂತು ಶೋಧಿಸಿದ್ದು ಈ ಪರಂಪರೆಯ ಒಳ್ಳೆಯ ಗುಣಕ್ಕೇ ಸೇರಿದ್ದು. ವಚನಗಳನ್ನು ವೇದಾಂತದ ಚೌಕಟ್ಟಿಗೆ ಹಾಕುವುದೇ ಸರಿಯಲ್ಲ, ಅವು ವೇದಪ್ರಾಮಾಣ್ಯವನ್ನೇ ಪ್ರಶ್ನಿಸಿದವು ಎನ್ನುವವರೂ ಇದ್ದಾರೆ. ಆ ವಾದದಲ್ಲಿ ಹುರುಳಿದೆ. ವಚನಕಾರರನ್ನು ಓದಿದ ಯಾರಿಗೂ ಅವರು ಯಾವುದೋ ಸೂತ್ರಕ್ಕೆ ವ್ಯಾಖ್ಯಾನ ಬರೆಯುತ್ತಿದ್ದಾರೆ ಎಂದು ಅನ್ನಿಸುವುದಿಲ್ಲ.

ಇಲ್ಲಿಯೇ ಒಂದು ಕಹಿ ಮಾತು ಹೇಳಬೇಕು. ಮೂವರು ಆಚಾರ್ಯರೂ ಎಲ್ಲದರಲ್ಲೂ ಜಗಳವಾಡಿದರು ಎಂದೆ. ಆದರೆ ಬ್ರಹ್ಮಸೂತ್ರದ ಮೊದಲ ಅಧ್ಯಾಯದ ಮೂರನೆಯ ಪಾದದಲ್ಲಿ ಅಪಶೂದ್ರಾಧಿಕರಣ ಎಂದೊಂದಿದೆ. ಶೂದ್ರನಿಗೆ ವೇದಾಧ್ಯಯನದ ಮೂಲಕ ಬ್ರಹ್ಮವಿದ್ಯೆಯ ಅಧಿಕಾರ ಉಂಟೇ ಎಂಬುದು ಪ್ರಶ್ನೆ. ಮೂವರೂ ಇಲ್ಲ ಎನ್ನುತ್ತಾರೆ. ಅಕ್ಷರಕ್ಕೆ ಅಕ್ಷರ ಬಿಡದೆ ಪರೀಕ್ಷಿಸಿದವರು ಇಲ್ಲಿ ಮಾತ್ರ ಸಲೀಸಾಗಿ ಒಂದಾಗಿಬಿಟ್ಟರು. ಇತಿಹಾಸ ಪುರಾಣ ಕೇಳಿ ಜ್ಞಾನ ಪಡೆಯಬಹುದು ಎಂದು ಶಂಕರರು ಕಿಟಕಿ ತೆರೆದಿಟ್ಟರು, ನಿಜ. ರಾಮಾನುಜರು ಗೋಪುರ ಹತ್ತಿ ಮಂತ್ರವನ್ನು ಎಲ್ಲರಿಗೂ ಸಾರಿದ ಕತೆಯಿದೆ. ಮೇಲುಕೋಟೆಯಲ್ಲಿ ಅಸ್ಪೃಶ್ಯರೆನಿಸಿದ್ದ ತಿರುಕುಲದವರಿಗೆ ವರ್ಷದಲ್ಲಿ ಕೆಲವು ದಿನ ದೇವಾಲಯ ಪ್ರವೇಶ ನಡೆದುಬಂದದ್ದೂ ನಿಜ. ಆದರೂ ಭಾಷ್ಯದ ಮಾತು ಭಾಷ್ಯದಲ್ಲೇ ಇದೆ. ಅದನ್ನು ಮುಚ್ಚಿಟ್ಟು ವೇದಾಂತದ ಉದಾರತೆಯ ಬಗ್ಗೆ ಭಾಷಣ ಮಾಡುವುದು ನನ್ನಿಂದಾಗದು. ಪೂರ್ವಪಕ್ಷಕ್ಕೆ ಅಷ್ಟು ಮರ್ಯಾದೆ ಕೊಟ್ಟವರು ಪೂರ್ವಪಕ್ಷ ಹೇಳುವವರು ಯಾರಿರಬೇಕೆಂಬುದನ್ನು ಮೊದಲೇ ಗೆರೆ ಎಳೆದು ಇಟ್ಟುಕೊಂಡಿದ್ದರು.

ಆ ಗೆರೆಯನ್ನು ದಾಟಿಸಿದ್ದು ಕನ್ನಡ. ದ್ವೈತ ಪುರಂದರ, ಕನಕರ ಪದಗಳಲ್ಲಿ ಬೀದಿಗೆ ಬಂತು. ಮಾನ್ವಿಯ ಜಗನ್ನಾಥದಾಸರು ಹರಿಕಥಾಮೃತಸಾರದಲ್ಲಿ ಮಧ್ವಶಾಸ್ತ್ರವನ್ನು ಭಾಮಿನಿ ಷಟ್ಪದಿಗೆ ಇಳಿಸಿದರು. ಅದ್ವೈತವನ್ನು ಮಹಲಿಂಗರಂಗ ಅನುಭವಾಮೃತದಲ್ಲಿ ಹೇಳಿದ. ನಿಜಗುಣ ಶಿವಯೋಗಿಗಳು ವಿವೇಕಚಿಂತಾಮಣಿಯಲ್ಲಿ ಇಡೀ ಶಾಸ್ತ್ರಲೋಕಕ್ಕೇ ಕನ್ನಡದಲ್ಲಿ ಕೋಶ ಮಾಡಿಟ್ಟರು. ಶ್ರೀವೈಷ್ಣವದ ಶರಣಾಗತಿ ಚಿಕದೇವರಾಜ ಬಿನ್ನಪದಲ್ಲಿ ಗದ್ಯವಾಗಿ ಹರಿಯಿತು. ಇವನ್ನು ಸಂಸ್ಕೃತ ಗ್ರಂಥಗಳ ಕೆಳಗಿನ ಮಜಲೆಂದು ನೋಡುವ ಅಭ್ಯಾಸ ವಿದ್ವಾಂಸರಲ್ಲಿದೆ. ನಾನು ಒಪ್ಪುವುದಿಲ್ಲ.

ವಾದ ನಿಂತುಹೋಗಿಲ್ಲ ಎಂಬುದಕ್ಕೆ ನಮ್ಮ ಕಾಲದ ಹತ್ತಿರದ ಒಂದು ನಿದರ್ಶನವನ್ನೂ ಹೇಳುತ್ತೇನೆ. 1880ರಲ್ಲಿ ಹುಟ್ಟಿದ ವೈ. ಸುಬ್ಬರಾಯರು 1920ರಲ್ಲಿ ಅಧ್ಯಾತ್ಮ ಪ್ರಕಾಶ ಕಾರ್ಯಾಲಯ ಸ್ಥಾಪಿಸಿದರು, ಮುಂದೆ ಸಚ್ಚಿದಾನಂದೇಂದ್ರ ಸರಸ್ವತಿಗಳಾಗಿ ಹೊಳೇನರಸೀಪುರದಲ್ಲಿ ನೆಲೆಸಿದರು. ಶಂಕರ ಭಾಷ್ಯಗಳನ್ನು ಕನ್ನಡಿಸಿದವರು ಅವರು. ಆದರೆ 1929ರ ಮೂಲಾವಿದ್ಯಾನಿರಾಸದಲ್ಲಿ, ಜಗತ್ತಿಗೆ ಉಪಾದಾನವಾದ ಮೂಲಾವಿದ್ಯೆ ಎಂಬ ಕಲ್ಪನೆ ಶಂಕರರದೇ ಅಲ್ಲ, ಅದು ನಂತರದ ವ್ಯಾಖ್ಯಾನಕಾರರು ತಂದು ಸೇರಿಸಿದ್ದು ಎಂದು ಸಾಧಿಸಿದರು. ರಾಮಾನುಜರೂ ವ್ಯಾಸತೀರ್ಥರೂ ಹೊಡೆದದ್ದು ಹೆಚ್ಚಾಗಿ ಈ ಅವಿದ್ಯೆಗೇ. ಶಂಕರರಲ್ಲಿ ಅದು ಇಲ್ಲವೆಂದಾದರೆ ಇಡೀ ವ್ಯಾಜ್ಯವನ್ನೇ ಮತ್ತೆ ಮೊದಲಿನಿಂದ ನೋಡಬೇಕು. ಸಂಪ್ರದಾಯಸ್ಥ ಅದ್ವೈತಿಗಳು ಅವರ ಮೇಲೆ ಮುನಿಸಿಕೊಂಡರು. 1975ರಲ್ಲಿ ತೀರಿಕೊಳ್ಳುವ ತನಕ ಅವರು ತಮ್ಮ ಮಾತಿಗೆ ಅಂಟಿಕೊಂಡೇ ಇದ್ದರು.

ಇನ್ನೊಂದೇ ಮಾತು, ಅದು ಬಿನ್ನಹ. ಇಷ್ಟೆಲ್ಲ ವಾದ ಉಳಿದುಬಂದದ್ದು ಓಲೆಗರಿಯ ಮೇಲೆ. 1891ರಲ್ಲಿ ಮೈಸೂರಿನಲ್ಲಿ ಪ್ರಾಚ್ಯ ಪುಸ್ತಕಾಲಯ ತೆರೆದಾಗ ಮನೆಮನೆಗಳಿಂದ ಓಲೆಕಟ್ಟುಗಳು ಬಂದವು. ಹಾಗೆ ಬಂದ ಒಂದು ಕಟ್ಟಿನಲ್ಲೇ ಆರ್. ಶಾಮಶಾಸ್ತ್ರಿಗಳಿಗೆ ಕೌಟಿಲ್ಯನ ಅರ್ಥಶಾಸ್ತ್ರ ಸಿಕ್ಕಿತು. 1909ರಲ್ಲಿ ಅದು ಅಚ್ಚಾಯಿತು. ಆ ಪುಸ್ತಕಾಲಯವೇ ಈಗಿನ ಪ್ರಾಚ್ಯವಿದ್ಯಾ ಸಂಶೋಧನಾಲಯ. ಅಗ್ರಹಾರವಿದ್ದ ಊರು ಇದು, ಬಸದಿಗಳಿದ್ದ ಸೀಮೆ, ಮಠಗಳಿರುವ ತಾಲ್ಲೂಕು. ನಿಮ್ಮ ಅಟ್ಟದ ಮೇಲೆ, ದೇವರ ಪೆಟ್ಟಿಗೆಯ ತಳದಲ್ಲಿ ಅಂಥ ಕಟ್ಟೇನಾದರೂ ಇದ್ದರೆ ಪೂಜೆ ಮಾಡಿ ಹಾಗೇ ಇಡಬೇಡಿ, ನದಿಗೆ ಬಿಡಬೇಡಿ, ಹಳೇ ಸಾಮಾನಿನವನಿಗೆ ಕೊಡಬೇಡಿ. ಲಿಪಿ ಗ್ರಂಥವೋ ನಂದಿನಾಗರಿಯೋ ಓದಲು ಬರದಿದ್ದರೂ ಚಿಂತೆಯಿಲ್ಲ. ಮೈಸೂರಿಗೆ ಒಯ್ದು ತೋರಿಸಿ. ಕೊಡಲು ಮನಸ್ಸಿಲ್ಲದಿದ್ದರೆ ಫೋಟೋ ತೆಗೆಸಿಯಾದರೂ ಕಳಿಸಿ.